ಮೇಣದಲ್ಲಿ ಉಳಿದ ಬೆರಳು

ನಮ್ಮ ಅತ್ತೆ ಇವತ್ತಿಗೂ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು, ಟೀ ತಣ್ಣಗಾಗಿದೆ ಎಂದು ನನ್ನನ್ನು ಬೈಯುತ್ತಿದ್ದಾರೆ ಎಂದರೆ ಅದಕ್ಕೆ ಕಾರಣ ಅಂಗಿಗುಂಡಿಯಷ್ಟು ಮೇಣ. ಯಾವ ಡಾಕ್ಟರೂ ಅಲ್ಲ, ಔಷಧಿಯೂ ಅಲ್ಲ, ನನ್ನ ಸೇವೆಯಂತೂ ಅಲ್ಲವೇ ಅಲ್ಲ. ಹೀಗೆಂದರೆ ಕೇಳಿದವರು ಮೊದಲು ನಗುತ್ತಾರೆ. ನಗಲಿ, ನಾನೂ ಮೊದಲು ನಕ್ಕವಳೇ.

ನಾನು ಹಲ್ಲಿನ ಡಾಕ್ಟರು. ಮನೆಯ ಮುಂದಿನ ಕೋಣೆಯೇ ನನ್ನ ಕ್ಲಿನಿಕ್ಕು. ಅದರ ಹಿಂದಿನ ಬಾಗಿಲು ತೆರೆದರೆ ಹಾಲು, ಹಾಲಿನ ಆ ತುದಿಯಲ್ಲಿ ಕಿಟಕಿ, ಕಿಟಕಿಯ ಪಕ್ಕ ಅತ್ತೆಯ ಕುರ್ಚಿ. ಅಲ್ಲಿ ಕೂತರೆ ಬೀದಿಯೂ ಕಾಣುತ್ತದೆ, ಕ್ಲಿನಿಕ್ಕಿಗೆ ಬಂದುಹೋಗುವವರೂ ಕಾಣುತ್ತಾರೆ, ಅಡುಗೆಮನೆಯಲ್ಲಿ ನಾನು ಏನು ಚೆಲ್ಲಿದೆ ಎನ್ನುವುದೂ ಕಾಣುತ್ತದೆ. ಅತ್ತೆಗೆ ಕಿವಿ ಮಂದ, ಆದರೆ ಕಣ್ಣು ಮಾತ್ರ ಹದ್ದಿನದು.

ಯಜಮಾನರು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದರು. ನಿವೃತ್ತಿಯಾದ ಮೇಲೆ ಪಾಠ ಕೇಳಲು ಹುಡುಗರಿಲ್ಲದೆ, ಕುಕ್ಕರ್ ಯಾಕೆ ಕೂಗುತ್ತದೆ ಎಂದು ನನಗೇ ಪಾಠ ಶುರುಮಾಡಿದರು. ತಲೆ ಚಿಟ್ಟು ಹಿಡಿದು ಒಂದು ದಿನ, "ರೀ, ಪುಣ್ಯ ಬರುತ್ತೆ, ಹಳೇ ಸಾಮಾನಿನ ಅಂಗಡಿಗೆ ಹೋಗಿ ಒಂದು ಟೇಬಲ್ ಲ್ಯಾಂಪ್ ತಗೊಂಡು ಬನ್ನಿ," ಎಂದು ಹೊರಗೆ ಕಳಿಸಿದೆ. ಅದೇ ನಾನು ಮಾಡಿದ ಘನಕಾರ್ಯ.

ಒಂದಿಷ್ಟು ದಿನ ಅಂಗಡಿಗೂ ಪೊಲೀಸ್ ಠಾಣೆಗೂ ಓಡಾಡಿ, ಅನುಮತಿ ಪಡೆದು, ಕೊನೆಗೆ ಹಳೆಯ ಕಂಬಳಿಯಲ್ಲಿ ಏನನ್ನೋ ಸುತ್ತಿಕೊಂಡು ಬಂದರು. ಕೂಸನ್ನು ಎತ್ತಿಕೊಂಡು ಬಂದವರ ಹಾಗೆ ನಡೆಯುತ್ತಿದ್ದರು.

"ಲ್ಯಾಂಪ್ ಎಲ್ಲಿ?" ಎಂದೆ.

"ಇದನ್ನ ನೋಡು ಮೊದಲು," ಎಂದರು.

ಅದು ಚಕಮಕಿ ಬಂದೂಕು. ನನ್ನ ಭುಜದವರೆಗೆ ಬರುವಷ್ಟು ಉದ್ದ. ಮರ ಎಣ್ಣೆ ಕುಡಿದು ಕಪ್ಪಾಗಿತ್ತು, ಹಿತ್ತಾಳೆ ಪಟ್ಟಿ ಸವೆದು ನುಣ್ಣಗಾಗಿತ್ತು. ನಳಿಗೆಯ ಬಾಯಿಯಿಂದ ಮದ್ದು, ಗುಂಡು ಹಾಕಿ ಕಬ್ಬಿಣದ ಕೋಲಿನಿಂದ ಜಡಿಯುತ್ತಿದ್ದರಂತೆ. ಹಿಂದೆ, ಬದಿಯಲ್ಲಿ ಒಂದು ಪುಟ್ಟ ಬಟ್ಟಲು. ಅದರಲ್ಲಿ ಚಿಟಿಕೆ ಮದ್ದು. ಟ್ರಿಗರ್ ಎಳೆದರೆ ಕಲ್ಲು ಉಕ್ಕಿಗೆ ಉಜ್ಜಿ ಕಿಡಿ ಹಾರುತ್ತದೆ, ಬಟ್ಟಲಿನ ಮದ್ದು ಭಗ್ಗೆನ್ನುತ್ತದೆ, ಆ ಬೆಂಕಿ ನಳಿಗೆಯ ಬದಿಯ ಸೂಜಿತೂತಿನೊಳಗೆ ನುಗ್ಗಿ ಒಳಗಿನ ಮದ್ದಿಗೆ ತಗಲುತ್ತದೆ. ಇಷ್ಟನ್ನು ಯಜಮಾನರು ಹಾಲಿನ ನಡುವೆ ನಿಂತು, ಕೈ ಬೀಸಿ ಬೀಸಿ ವಿವರಿಸಿದರು.

"ಇನ್ನೂರು ವರ್ಷಕ್ಕೆ ಕಡಿಮೆ ಇಲ್ಲ ಕಣೆ. ಯಾವುದೋ ದೊಡ್ಡ ಮನೆ ಮೆಟ್ಟಿಲ ಮೇಲೆ ತೂಗುಹಾಕಿದ್ರಂತೆ. ಇವತ್ತಿಂದ ನನ್ನ ಸಂಗ್ರಹ ಶುರು."

"ಒಂದೇ ಒಂದನ್ನ ಸಂಗ್ರಹ ಅನ್ನಲ್ಲ, ಹುಚ್ಚು ಅಂತಾರೆ. ಮನೇಲಿ ಬಂದೂಕು ಬೇಡ."

"ಇದು ಬಂದೂಕಲ್ಲ, ಇತಿಹಾಸ."

"ಇತಿಹಾಸಾನ ಪುಸ್ತಕದೊಳಗೆ ಇಡಿ. ನನ್ನ ಗೋಡೆ ಮೇಲೆ ಬೇಡ."

ನನ್ನ ಮಾತನ್ನು ಅವರು ಎಂದಿನಂತೆ ಕಿವಿಗೇ ಹಾಕಿಕೊಳ್ಳಲಿಲ್ಲ. ಸಂಜೆಯೊಳಗೆ ಅದು ಗೋಡೆಗೆ ಏರಿತ್ತು. ಅತ್ತೆ ನೋಡಿ, "ಬಟ್ಟೆ ಒಣಗಿಸೋಕೆ ಚೆನ್ನಾಗಿದೆ," ಎಂದರು. ಮದುವೆಯಾದಾಗಿನಿಂದ ನಾನೂ ಅತ್ತೆಯೂ ಒಪ್ಪಿಕೊಂಡ ಮೊದಲ ವಿಷಯ ಅದು.

ಆದರೆ ಅತ್ತೆ ಬಹಳ ಬೇಗ ಪಕ್ಷ ಬದಲಿಸಿದರು. ಯಾಕೆಂದರೆ ಅವರ ಮಗ, ಅಂದರೆ ನಮ್ಮ ಯಜಮಾನರು, ಒಂದು ಆಟ ಕಂಡುಹಿಡಿದರು. ಯಾರಾದರೂ ಬಂದರೆ ಸಾಕು, ಪರದೆ ಎಳೆದು ದೀಪ ಆರಿಸಿ, ಬಂದೂಕನ್ನು ಇಳಿಸಿ, ಬಾಗಿಲ ಬಳಿ ನಿಂತು ಕಿಟಕಿಯ ಕಡೆ ಗುರಿಯಿಟ್ಟು ಕೂಗುತ್ತಿದ್ದರು, "ಅಮ್ಮಾ, ಕೈ ಮೇಲೆ!"

ಅತ್ತೆ ಎರಡೂ ಕೈ ಎತ್ತಿ, "ಅಯ್ಯೋ, ನನ್ನ ಬಿಟ್ಬಿಡಪ್ಪಾ! ಬೇಕಾದ್ರೆ ನನ್ನ ಸೊಸೆನ ಕರ್ಕೊಂಡು ಹೋಗು!" ಎನ್ನುತ್ತಿದ್ದರು.

ಬಂದವರು ಹೊಟ್ಟೆ ಹಿಡಿದುಕೊಂಡು ನಗುವಾಗ ಯಜಮಾನರು ಟ್ರಿಗರ್ ಎಳೆಯುತ್ತಿದ್ದರು. ಕತ್ತಲಲ್ಲಿ ಕಿಡಿಗಳು ಹಾರುತ್ತಿದ್ದವು. ಒಂದು ಕ್ಷಣ ಅತ್ತೆಯ ಮುಖ, ಎತ್ತಿದ ಕೈಗಳು, ಬಾಯ್ತುಂಬ ನಗು, ಎಲ್ಲವೂ ಹಳದಿಯಾಗಿ ಬೆಳಗಿ ಮತ್ತೆ ಕತ್ತಲಾಗುತ್ತಿತ್ತು. ಪಕ್ಕದ ಮನೆಯವರು, ನನ್ನ ತಮ್ಮ, ನಾದಿನಿ ಮತ್ತು ಅವಳ ಗಂಡ, ಗ್ಯಾಸಿನವನು, ಕೊನೆಗೆ ಬಲಭಾಗದ ದವಡೆ ಊದಿಸಿಕೊಂಡು ನನ್ನ ಬಳಿ ಬಂದಿದ್ದ ರೋಗಿಯೂ ಈ ಆಟ ನೋಡಿಯೇ ಹೋದರು. ಅತ್ತೆಗೆ ಅಷ್ಟು ಖುಷಿಯಾಗಿದ್ದನ್ನು ನಾನು ಎಷ್ಟೋ ವರ್ಷಗಳಿಂದ ಕಂಡಿರಲಿಲ್ಲ. ಹಾಗಾಗಿ ನಾನೂ ಗೊಣಗುವುದನ್ನು ಬಿಟ್ಟೆ.

ಅಷ್ಟರಲ್ಲಿ ಯಜಮಾನರಿಗೆ ಊರಿನ ಹಳೆಯ ಆಯುಧ ಸಂಗ್ರಹಕಾರರ ಪರಿಚಯವಾಯಿತು. ಆರೇಳು ಜನರ ಕೂಟ. ಮ್ಯೂಸಿಯಂನಲ್ಲಿ ಆಯುಧಗಳ ವಿಭಾಗ ನೋಡಿಕೊಳ್ಳುವ ಅಧಿಕಾರಿಯೂ ಅದರಲ್ಲಿದ್ದರು. ಹೊಸಬರ ಮನೆಗೆ ಹೋಗಿ, ಅವರ ವಸ್ತು ನೋಡಿ, ಟೀ ಕುಡಿದು, ಆಮೇಲೆ ಕೂಟಕ್ಕೆ ಸೇರಿಸಿಕೊಳ್ಳುವುದು ಅವರ ಪದ್ಧತಿ. ಭಾನುವಾರ ನಮ್ಮ ಮನೆಗೆ ಬರುವುದೆಂದು ನಿಶ್ಚಯವಾಯಿತು. ಯಜಮಾನರ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಬರೀ ಕಿಡಿ ತೋರಿಸಿದ್ರೆ ಅವರಿಗೇನು ಹೊಸದು? ಬಟ್ಟಲಿಗೆ ಚಿಟಿಕೆ ಮದ್ದು ಹಾಕಿ ಭಗ್ ಅನ್ನಿಸ್ತೀನಿ. ಹೊಗೆ ಆ ತೂತಿನಿಂದ ಒಳಗೆ ಹೋಗಿ ನಳಿಗೆ ಬಾಯಿಂದ ಬರಬೇಕು. ಅಮ್ಮನ್ನ ಕೈ ಎತ್ತಿಸಿ..." ಎಂದು ಕನಸು ಕಾಣತೊಡಗಿದರು. ಒಂದೇ ತೊಡಕು. ಸೂಜಿತೂತು ಕಟ್ಟಿಕೊಂಡಿತ್ತು. ಗುಂಡುಸೂಜಿ ಹಾಕಿದರು, ತಂತಿ ಹಾಕಿದರು, ಕಲ್ಲಿನಂತೆ ಗಟ್ಟಿಯಾಗಿದ್ದ ಅದರ ಮೇಲೆ ತುದಿ ಜಾರಿತೇ ಹೊರತು ಒಳಗೆ ಹೋಗಲಿಲ್ಲ.

ಶನಿವಾರ ಸಂಜೆ ಕೊನೆಯ ರೋಗಿ ಹೋದದ್ದೇ ತಡ, ಬಂದೂಕು ಹೊತ್ತುಕೊಂಡು ಕ್ಲಿನಿಕ್ಕಿಗೆ ಬಂದರು.

"ನಿನ್ನ ಹಲ್ಲು ಕೆದಕೋ ಸೂಜಿ ಇದೆಯಲ್ಲ, ಅದರಲ್ಲಿ ಈ ತೂತು ಬಿಡಿಸಿಕೊಡು."

"ಅಪಾಯಿಂಟ್‌ಮೆಂಟ್ ಇದೆಯಾ?"

"ನಾನು ನಿನ್ನ ಗಂಡ ಕಣೆ."

"ಅದಕ್ಕೇ ಕೇಳಿದ್ದು."

ರೋಗಿಗಳ ಕುರ್ಚಿಯನ್ನು ಪೂರ್ತಿ ಮಲಗಿಸಿ ಅದರ ಮೇಲೆ ಬಂದೂಕನ್ನು ಮಲಗಿಸಿದೆವು. ಗೇಲಿಗೆಂದು ಎದೆಗೆ ಕಟ್ಟುವ ಕಾಗದದ ಹೊದಿಕೆಯನ್ನೂ ಹಾಸಿದೆ. ತಲೆಯ ಮೇಲಿನ ದೀಪ ಎಳೆದುಕೊಂಡು, ತುದಿ ಬಾಗಿದ ತೆಳ್ಳನೆಯ ಪ್ರೋಬ್ ಹಿಡಿದು, ತೂತಿನ ಮೇಲೆ ಮೆಲ್ಲಗೆ ಆಡಿಸಿದೆ.

ಕೈ ತಾನಾಗಿಯೇ ನಿಂತುಬಿಟ್ಟಿತು.

ಹುಳುಕು ಹಲ್ಲನ್ನು ಮುಟ್ಟಿದರೆ ಸೂಜಿ ಸಿಕ್ಕಿಕೊಳ್ಳುತ್ತದೆ, ಬಿಡಿಸಿಕೊಳ್ಳಲು ಎಳೆಯಬೇಕಾಗುತ್ತದೆ. ತುಂಬಿಸಿದ ಹಲ್ಲಿನ ಮೇಲೆ ಹಾಗಲ್ಲ, ಜಾರಿ ಹೋಗುತ್ತದೆ. ಕಣ್ಣು ಕಟ್ಟಿದರೂ ನನ್ನ ಕೈಗೆ ಈ ವ್ಯತ್ಯಾಸ ಗೊತ್ತು. ಇಲ್ಲಿ ಸೂಜಿ ಜಾರಿತು. ಅಂಚು ಸಮವಾಗಿತ್ತು. ಕೊಳೆ ತಾನಾಗಿ ಅಷ್ಟು ಸಮವಾಗಿ ಕೂರುವುದಿಲ್ಲ.

"ರೀ, ಇದು ಕೊಳೆ ಅಲ್ಲ. ಯಾರೋ ಬೇಕು ಅಂತಲೇ ತುಂಬಿಸಿದಾರೆ."

"ಸರಿ, ಕಿತ್ತುಬಿಡು."

"ಕೆಳಗೆ ಏನಿದೆ ಅಂತ ಗೊತ್ತಿಲ್ದೆ ನಾನು ಯಾರ ಫಿಲ್ಲಿಂಗೂ ಕೀಳಲ್ಲ."

"ಅಯ್ಯೋ, ಅದಕ್ಕೇನು ನೋವಾಗುತ್ತಾ?"

ನೋವಾಗುವುದಿಲ್ಲ, ನಿಜ. ಆದರೂ ನನ್ನ ಅಭ್ಯಾಸ ನನಗೆ. ಬೇರಿನ ಚಿಕಿತ್ಸೆ ಮಾಡುವಾಗ ಮೊದಲು ಆಳ ಅಳೆಯುತ್ತೇವೆ. ತೆಳು ಸೂಜಿಯನ್ನು ಬೇರಿನ ತಳದವರೆಗೆ ಇಳಿಸಿ, ಹಲ್ಲಿನ ಮಟ್ಟಕ್ಕೆ ರಬ್ಬರ್ ಬಿಲ್ಲೆ ಸರಿಸಿ, ಹೊರಗೆ ತೆಗೆದು ಅಳೆದು ನೋಡುತ್ತೇವೆ. ಅದನ್ನೇ ಮಾಡೋಣ ಎಂದೆ. ಬಂದೂಕಿನ ಕೆಳಗೇ ಸಿಕ್ಕಿಸಿದ್ದ ಜಡಿಯುವ ಕೋಲನ್ನು ಅವರು ನಳಿಗೆಯ ಬಾಯಿಯಿಂದ ಒಳಕ್ಕೆ ಇಳಿಸಿದರು. ಬಾಯಿಯ ಮಟ್ಟಕ್ಕೆ ನಾನು ಒಂದು ರಬ್ಬರ್ ಬ್ಯಾಂಡ್ ಸುತ್ತಿದೆ. ಕೋಲನ್ನು ತೆಗೆದು ನಳಿಗೆಯ ಹೊರಮೈಗೆ ಆನಿಸಿ, ರಬ್ಬರನ್ನು ಬಾಯಿಗೆ ಸರಿಹೊಂದಿಸಿದೆ. ನಳಿಗೆ ಖಾಲಿಯಿದ್ದರೆ ಕೋಲಿನ ತುದಿ ಸೂಜಿತೂತಿನವರೆಗೂ ಬರಬೇಕು.

ಬರಲಿಲ್ಲ. ನಾಲ್ಕು ಬೆರಳಿನಷ್ಟು ಹಿಂದೆಯೇ ನಿಂತಿತು.

"ತುಕ್ಕು ಇರ್ಬೇಕು," ಎಂದರು ಯಜಮಾನರು. ಅವರ ಧ್ವನಿ ಮಾತ್ರ ಹಾಗೆ ಹೇಳುತ್ತಿರಲಿಲ್ಲ. ಕೋಲನ್ನು ಮತ್ತೆ ಒಳಗೆ ಬಿಟ್ಟು ಮೆಲ್ಲಗೆ ತಟ್ಟಿದರು. ಕಬ್ಬಿಣಕ್ಕೆ ಕಬ್ಬಿಣ ತಗಲಿದರೆ ಟಣ್ ಎನ್ನಬೇಕು. ದಬ್ ಎಂದಿತು. ಶಬ್ದದ ಬಗ್ಗೆ ಮೂವತ್ತು ವರ್ಷ ಪಾಠ ಮಾಡಿದ ಮನುಷ್ಯನಿಗೆ ನಾನು ಏನು ಹೇಳಬೇಕಿತ್ತು? ಅವರು ಕೋಲಿನಿಂದ ಕೈ ತೆಗೆದರು.

"ಒಳಗೆ ಏನೋ ಇದೆ," ಎಂದರು.

"ಏನೋ ಅಂದ್ರೆ?"

ಕೇಳುತ್ತಲೇ ನನಗೇ ಹೊಳೆಯಿತು. ತಲೆ ಎತ್ತಿ ನೋಡಿದೆ. ಬಂದೂಕಿನ ಬಾಯಿ ಹಿಂದಿನ ಬಾಗಿಲಿನ ಕಡೆಗಿತ್ತು. ಬಾಗಿಲು ತೆರೆದಿತ್ತು. ಆಚೆ ಹಾಲು, ಹಾಲಿನ ತುದಿಗೆ ಕಿಟಕಿ, ಅಲ್ಲಿ ಅತ್ತೆ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಪೇಪರ್ ಓದುತ್ತಿದ್ದರು. ಇಬ್ಬರೂ ಉಸಿರು ಬಿಗಿಹಿಡಿದು, ಮಲಗಿದ ಮಗುವನ್ನು ಎತ್ತುವ ಹಾಗೆ ಎತ್ತಿ, ಅದರ ಬಾಯನ್ನು ಹೊರಗೋಡೆಯ ಕಡೆಗೆ ತಿರುಗಿಸಿದೆವು. ಆಮೇಲೆ ನಾನು ಓಡಿಹೋಗಿ ಅತ್ತೆಯ ಕುರ್ಚಿಯನ್ನು, ಅತ್ತೆಯ ಸಮೇತ, ಗೋಡೆಯ ಮರೆಗೆ ಎಳೆಯತೊಡಗಿದೆ.

"ಏನೇ ಇದು? ನನ್ನ ಯಾಕೆ ಮೂಲೆಗೆ ತಳ್ತಿದ್ದೀಯ?"

"ಗಾಳಿ ಬರ್ತಿದೆ ಅತ್ತೆ!"

"ಗಾಳಿ ಬರ್ಲಿ ಅಂತಲೇ ಕಣೆ ಕಿಟಕಿ ಇರೋದು!"

ಅವರು ಬೈಯುತ್ತಲೇ ಇದ್ದರು. ಬೈಗುಳ ಕೇಳಿ ಅಷ್ಟು ನೆಮ್ಮದಿಯಾದದ್ದು ನನ್ನ ಬದುಕಿನಲ್ಲೇ ಮೊದಲು.

ವಾಪಸು ಬಂದಾಗ ಯಜಮಾನರು ಮ್ಯೂಸಿಯಂ ಅಧಿಕಾರಿಗೆ ಫೋನು ಮಾಡುತ್ತಿದ್ದರು. ಯಾರೂ ಮುಟ್ಟಬೇಡಿ, ಈಗಲೇ ಬರುತ್ತೇನೆ ಎಂದರಂತೆ. ಕಾಯುವಾಗ ಸುಮ್ಮನಿರಲಾಗದೆ, ಕೆಲಸದ ಭೂತಗನ್ನಡಿ ಕನ್ನಡಕ ಹಾಕಿಕೊಂಡು, ಕೈ ಹಿಂದಕ್ಕೆ ಕಟ್ಟಿಕೊಂಡು, ಆ ತೂತಿನ ಮೇಲೆ ಬಗ್ಗಿದೆ.

ಅದು ಮೇಣ. ತೂತನ್ನು ತುಂಬಿ, ಸುತ್ತ ಒಂದು ಅಂಗಿಗುಂಡಿಯಷ್ಟು ಅಗಲಕ್ಕೆ ಹರಡಿ ಗಟ್ಟಿಯಾಗಿತ್ತು. ಕಾಲದ ಕೊಳೆ ಕೂತು ಕಬ್ಬಿಣದ ಬಣ್ಣಕ್ಕೇ ತಿರುಗಿದ್ದರಿಂದ ಬರಿಗಣ್ಣಿಗೆ ಕಾಣುತ್ತಿರಲಿಲ್ಲ. ಆ ಮೇಣದ ಮೇಲೆ ಗೆರೆಗಳಿದ್ದವು. ಬಾಗಿದ, ಒತ್ತೊತ್ತಾದ, ಒಂದರ ಪಕ್ಕ ಒಂದು. ಯಾರೋ ಬಿಸಿ ಮೇಣ ಇಟ್ಟು, ಬೆರಳ ತುದಿಯಿಂದ ಒತ್ತಿ, ಹಿಡಿದಿದ್ದರು. ಗೆರೆಗಳ ಅಡ್ಡಕ್ಕೆ ಒಂದು ನೇರ ಸೀಳು. ಆ ಬೆರಳಿಗೆ ಎಂದೋ ಚಾಕು ತಗಲಿ ಗಾಯ ಮಾಗಿದ ಗುರುತು. ನನ್ನ ಹೆಬ್ಬೆರಳಿನಲ್ಲೂ ಅಂಥದೇ ಒಂದಿದೆ, ಓದುವಾಗ ಕತ್ತರಿ ತಗಲಿದ್ದು.

ಇನ್ನೂರು ವರ್ಷದ ಹಿಂದೆ ಒಬ್ಬರು ಕೈ ಕೊಯ್ದುಕೊಂಡಿದ್ದರು, ನೋವಾಗಿತ್ತು, ವಾಸಿಯಾಗಿತ್ತು. ಅವರ ಮನೆ, ಮಾತು, ಮಕ್ಕಳು, ಗೋರಿಯ ಗುರುತು ಎಲ್ಲ ಅಳಿದು, ಈ ಬೆರಳ ತುದಿ ಮಾತ್ರ ನನ್ನ ದೀಪದ ಕೆಳಗೆ ಬಂದು ಕೂತಿತ್ತು. ನನ್ನ ಕಣ್ಣಲ್ಲಿ ನೀರು ಬಂತು, ಮುಚ್ಚಿಡುವುದೇನು.

ಇನ್ನೂ ಹತ್ತಿರ ಬಗ್ಗಿದಾಗ ಇನ್ನೊಂದು ಕಾಣಿಸಿತು. ಆ ಗೆರೆಗಳ ಮೇಲೆ, ಬಟ್ಟಲಿನ ಕಡೆಗೆ, ಸಣ್ಣ ಸಣ್ಣ ಕಪ್ಪು ಕುಳಿಗಳು. ಇವು ಹಳೆಯವಲ್ಲ. ಮೇಣ ಹೊಸದಾಗಿ ಕರಗಿದ ಜಾಗ ಇನ್ನೂ ಹಳದಿಯಾಗಿ ಹೊಳೆಯುತ್ತಿತ್ತು. ಒಂದೊಂದೂ ಒಂದೊಂದು ಕಿಡಿ ತಗಲಿದ ಗುರುತು. ನನ್ನ ತಮ್ಮ ಬಂದಾಗ, ನಾದಿನಿ ಬಂದಾಗ, ಗ್ಯಾಸಿನವನು ಬಂದಾಗ. ಪ್ರತಿ ಸಲ ಅತ್ತೆ ಕೈ ಎತ್ತಿ ನಕ್ಕಾಗಲೂ ಕಿಡಿ ಬಂದು ಈ ಬೆರಳನ್ನು ಸುಟ್ಟಿತ್ತು. ಒಂದು ಕಡೆ ಮೇಣ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿತ್ತು.

ನಾನು ಕನ್ನಡಕ ಬಿಚ್ಚಿ ಯಜಮಾನರಿಗೆ ಕೊಟ್ಟೆ. ಅವರು ಬಹಳ ಹೊತ್ತು ನೋಡಿದರು. ನೋಡಿ, ಗೋಡೆಗೊರಗಿ ನೆಲದ ಮೇಲೆ ಕೂತುಬಿಟ್ಟರು.

ಅಧಿಕಾರಿ ಬಂದರು. ಕುಳ್ಳಗಿನ, ಲವಲವಿಕೆಯ ಮನುಷ್ಯ. ಬಂದೂಕನ್ನು ನೋಡುವ ಮೊದಲೇ ನನ್ನ ರಬ್ಬರ್ ಬ್ಯಾಂಡ್ ನೋಡಿ ಹುಬ್ಬೇರಿಸಿದರು.

"ಇದನ್ನ ಯಾರು ಹೇಳಿಕೊಟ್ರು ಡಾಕ್ಟ್ರೇ?"

"ಯಾರೂ ಇಲ್ಲ. ರೂಟ್ ಕೆನಾಲ್‌ನಲ್ಲಿ ಹೀಗೇ ಮಾಡೋದು."

"ನಮ್ಮಲ್ಲೂ ಹೀಗೇ. ಹಳೇ ಬಂದೂಕು ಕೈಗೆ ಬಂದ್ರೆ ಮೊದಲು ಕೋಲು ಬಿಟ್ಟು ಅಳೀತೀವಿ, ಆಮೇಲೇನೇ ಚೆನ್ನಾಗಿದೆ ಅನ್ನೋದು. ಎಷ್ಟೋ ಮನೆ ಗೋಡೆ ಮೇಲೆ ತುಂಬಿದ ಬಂದೂಕೇ ತೂಗ್ತಿರುತ್ತೆ. ಹಿಂದಿನವರು ನೋಡಿರ್ತಾರೆ ಅಂತ ಇವರು, ಅವರ ಹಿಂದಿನವರು ನೋಡಿರ್ತಾರೆ ಅಂತ ಅವರು. ಮದ್ದು ಒಣಗಿದ್ರೆ ಅದಕ್ಕೆ ವಯಸ್ಸೇ ಆಗಲ್ಲ ಸಾರ್."

ಮೇಣ ಮುಟ್ಟಕೂಡದು ಎಂದು ನಾನು ಹಟ ಹಿಡಿದೆ. ಅವರೂ ಒಪ್ಪಿದರು. ಬಂದೂಕನ್ನು ಹಿತ್ತಲಿಗೆ ಒಯ್ದು, ಬಾಯಿಯಿಂದ ನೀರು ಬಿಟ್ಟು, ನೆನೆಯಲು ಇಟ್ಟು, ಕೋಲಿನ ತುದಿಗೆ ತಿರುಪಿನಂಥದೊಂದನ್ನು ಸಿಕ್ಕಿಸಿ, ಎಂದೂ ಬಾಯಿಯ ಎದುರು ನಿಲ್ಲದೆ, ಪಕ್ಕದಿಂದ ಕೈ ಚಾಚಿ ತಿರುಗಿಸುತ್ತಾ ಎಳೆದರು. ಮೊದಲು, ಗುಂಡು ಜಾರದಿರಲೆಂದು ತುರುಕಿದ್ದ ಬಟ್ಟೆಯ ಚಿಂದಿ ಬಂತು. ನೀಲಿ ಬಟ್ಟೆ. ಅಂಚಿಗೆ ಒಂದು ಸಾಲು ಹೊಲಿಗೆ, ಅಂದವಾದ ಸಣ್ಣ ಹೊಲಿಗೆ, ಯಾರೋ ಮನಸ್ಸಿಟ್ಟು ಹಾಕಿದ್ದು. ಅದರ ಹಿಂದೆ ಸೀಸದ ಗುಂಡು, ಗೋಲಿಯಷ್ಟು ದಪ್ಪ. ಕೊನೆಗೆ ಮದ್ದು. ನೆನೆದು ಮುದ್ದೆಯಾದದ್ದೇ ಹೆಚ್ಚು. ಬುಡದಲ್ಲಿ, ಮೇಣದ ಹಿಂದೆ, ನೀರು ತಾಗದ ಒಂದಿಷ್ಟು ಹಾಗೇ ಉಳಿದಿತ್ತು.

ಆ ಒಣ ಚಿಟಿಕೆಯನ್ನು ಅವರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹಾಕಿ, ಉದ್ದನೆಯ ಕಡ್ಡಿಯ ತುದಿಗೆ ಬೆಂಕಿ ಹಚ್ಚಿ ಮುಟ್ಟಿಸಿದರು. ಭುಸ್ಸೆಂದು ಬಿಳಿ ಹೊಗೆ ನನ್ನ ತಲೆಗಿಂತ ಮೇಲಕ್ಕೆ ಎದ್ದಿತು. ನಿನ್ನೆ ಮಾಡಿಟ್ಟ ಹಾಗೆ ಉರಿಯಿತು.

"ಮೇಣ ಯಾಕೆ ಇಟ್ರು?" ಎಂದೆ.

"ಇಬ್ಬನಿಗೆ ಮದ್ದು ನೆನೀದೆ ಇರ್ಲಿ ಅಂತ ಇರ್ಬಹುದು. ಬೆಳಿಗ್ಗೆ ಬೇಕಾಗುತ್ತೆ ಅಂದ್ಕೊಂಡಿರ್ತಾನೆ. ಬೇಕಾಗ್ಲಿಲ್ಲ. ಅಥವಾ ಮನೇಲಿ ಮಕ್ಕಳು ಇದ್ರೋ ಏನೋ. ಯಾರಿಗೆ ಗೊತ್ತು ಡಾಕ್ಟ್ರೇ?"

ಆ ರಾತ್ರಿ ಯಜಮಾನರು ಊಟಕ್ಕೆ ಕೂತು ತಟ್ಟೆಯನ್ನು ಹಾಗೇ ಸರಿಸಿದರು. ತಾಯಿಯ ಮುಖ ನೋಡಲಾರದೆ ಕಣ್ಣು ತಪ್ಪಿಸುತ್ತಿದ್ದರು. "ನಾಳೆ ಯಾರೂ ಬರೋದು ಬೇಡ. ಅದನ್ನ ಮ್ಯೂಸಿಯಂಗೆ ಕೊಟ್ಬಿಡ್ತೀನಿ. ನನಗೆ ಯಾವ ಸಂಗ್ರಹವೂ ಬೇಡ," ಎಂದರು.

"ನಿಮಗೆ ಬೇಡ ಅಂದ್ರೆ ನನಗೆ ಬೇಕು," ಎಂದೆ.

ನನ್ನ ಬಾಯಿಂದ ಆ ಮಾತು ಬಂದದ್ದಕ್ಕೆ ಅವರಿಗಿಂತ ನನಗೇ ಹೆಚ್ಚು ಆಶ್ಚರ್ಯವಾಯಿತು. ಆದರೆ ನಿಜವಾಗಿ ಬೇಕಾಗಿತ್ತು. ಅಂಥ ಬೆರಳನ್ನು ಕಂಡಮೇಲೆ ಅದನ್ನು ಮನೆಯಿಂದ ಹೇಗೆ ಕಳಿಸುವುದು? ಇನ್ನೂ ಯಾವ ಯಾವ ಗೋಡೆಯ ಮೇಲೆ ಯಾರ ಯಾರ ಕೈ ಹೀಗೆ ಕಾಯುತ್ತಾ ಕೂತಿದೆಯೋ ಎಂದು ನನಗೆ ನಿದ್ದೆ ಹತ್ತಲಿಲ್ಲ.

ಭಾನುವಾರ ಕೂಟದವರು ಬಂದೇ ಬಂದರು. ಅತ್ತೆಯ ಕುರ್ಚಿ ಇನ್ನೂ ಮೂಲೆಯಲ್ಲೇ ಇತ್ತು. ಅವರು ಮುಖ ಊದಿಸಿಕೊಂಡು ಕೂತಿದ್ದರು. ಯಜಮಾನರು ಕ್ಲಿನಿಕ್ಕಿನಿಂದ ಬಂದೂಕನ್ನು ತಂದರು. ಖಾಲಿಯಾಗಿತ್ತು, ಆದರೂ ಬಾಯಿಯನ್ನು ನೆಲದ ಕಡೆಗೇ ಹಿಡಿದಿದ್ದರು.

ಇಷ್ಟು ಜನ, ಕೈಯಲ್ಲಿ ಬಂದೂಕು. ಅತ್ತೆಗೆ ಆಟ ಶುರುವಾಯಿತೆಂದೇ ಲೆಕ್ಕ. ಮುನಿಸು ಮರೆತು, ಯಾರೂ ಹೇಳುವ ಮೊದಲೇ, ಎರಡೂ ಕೈ ಮೇಲೆತ್ತಿ, "ಅಯ್ಯೋ, ನನ್ನ ಬಿಟ್ಬಿಡಪ್ಪಾ!" ಎಂದರು.

ಯಾರೂ ನಗಲಿಲ್ಲ. ಯಜಮಾನರು ಬಂದೂಕನ್ನು ನನ್ನ ಕೈಗೆ ಕೊಟ್ಟು, ಹೋಗಿ ಅಮ್ಮನ ಎದುರು ಮಂಡಿಯೂರಿ, ಎತ್ತಿದ ಆ ಎರಡು ಕೈಗಳನ್ನು ಹಿಡಿದು ಕೆಳಗಿಳಿಸಿದರು.

"ಅಮ್ಮಾ, ಅದರಲ್ಲಿ ಗುಂಡಿತ್ತು."

"ಏನು?"

"ಗುಂಡು. ಗುಂಡಿತ್ತು ಅಮ್ಮಾ."

"ಜೋರಾಗಿ ಹೇಳೋ!"

"ಗುಂಡಿತ್ತು!" ಎಂದು ಕಿರುಚಿದರು. ಬೀದಿಗೆಲ್ಲ ಕೇಳಿರಬೇಕು. "ಇಷ್ಟು ದಿನವೂ ಇತ್ತು! ನಾನು ನಿನ್ನ ಕಡೆ ಹಿಡಿದಾಗೆಲ್ಲ ಇತ್ತು!"

ಅತ್ತೆ ಮಗನನ್ನು ನೋಡಿದರು, ನನ್ನನ್ನು ನೋಡಿದರು. ಕೂಟದವರು ತಲೆ ತಗ್ಗಿಸಿದರು. ನಾನು ಹತ್ತಿರ ಹೋಗಿ, ಬಂದೂಕನ್ನು ಅವರ ತೊಡೆಯ ಮೇಲೆ ಅಡ್ಡ ಇಟ್ಟು, ನನ್ನ ಭೂತಗನ್ನಡಿ ಕನ್ನಡಕವನ್ನು ಅವರ ಮೂಗಿಗೆ ಏರಿಸಿ, ತೂತು ತೋರಿಸಿ, ಕಿವಿಯ ಬಳಿ ಎಲ್ಲ ಹೇಳಿದೆ. ಮೇಣ, ಬೆರಳು, ಗಾಯದ ಗೆರೆ, ಕಿಡಿಗಳ ಕುಳಿ.

"ಯಾರು ಇವನು?" ಎಂದರು.

"ಗೊತ್ತಿಲ್ಲ ಅತ್ತೆ."

"ಹೆಸರೂ ಗೊತ್ತಿಲ್ವಾ?"

"ಇಲ್ಲ."

ಯಜಮಾನರು ಅಮ್ಮನ ಮಂಡಿಗೆ ಹಣೆ ಒತ್ತಿಕೊಂಡು ಮಗುವಿನ ಹಾಗೆ ಬಿಕ್ಕುತ್ತಿದ್ದರು. ಅತ್ತೆ ಕನ್ನಡಕ ತೆಗೆದು ನನಗೆ ಕೊಟ್ಟರು. ತಮ್ಮ ಜೀವ ಉಳಿಯಿತೆಂದು ಹೇಳುತ್ತಾರೆ ಎಂದುಕೊಂಡಿದ್ದೆ. ಅವರು ಹಾಗೆ ಹೇಳಲೇ ಇಲ್ಲ. ಮಗನ ಬೋಳು ತಲೆಯ ಮೇಲೆ ಕೈಯಿಟ್ಟು, "ಅಳಬೇಡ ಕಣೋ. ನೀನು ಹುಟ್ಟೋದಕ್ಕೆ ಎಷ್ಟೋ ಮುಂಚೇನೇ ಯಾರೋ ಪುಣ್ಯಾತ್ಮ ನಿನ್ನ ಕೈ ಹಿಡ್ಕೊಂಡಿದಾನೆ," ಎಂದರು.

ಆಮೇಲೆ ನನ್ನ ಕಡೆ ತಿರುಗಿ, ಎಂದಿನ ಧ್ವನಿಯಲ್ಲಿ, "ಈಗಲಾದ್ರೂ ನನ್ನ ಕುರ್ಚಿನ ಕಿಟಕಿ ಹತ್ರ ಹಾಕ್ತೀಯೋ ಇಲ್ವೋ?" ಎಂದರು. ನಾನೂ ಯಜಮಾನರೂ ಎರಡೂ ಕಡೆ ಹಿಡಿದು, ಅತ್ತೆಯ ಸಮೇತ ಕುರ್ಚಿಯನ್ನು ಎಳೆದು, ಇದ್ದ ಜಾಗದಲ್ಲಿ ಇಟ್ಟೆವು.